ಗೆಲ್ಲುವುದು ಗೊತ್ತಾದ ಮೇಲೂ ಆಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಸಿವಿಲೈಸೇಶನ್ ಥರದ, ಒಂದು ದೇಶ ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟಗಳಲ್ಲಿ ಅರ್ಧ ದಾರಿಗೆ ಬರುವಷ್ಟರಲ್ಲೇ ಗೆಲ್ಲುವುದು ಗೊತ್ತಾಗಿಬಿಡುತ್ತೆ. ಆಮೇಲೆ ಬೇಜಾರಾಗಿ ಹೊಸ ಮ್ಯಾಪ್ ಶುರು ಮಾಡುತ್ತೀರಿ. ಬೇರೆಯವರು ಕೊನೆವರೆಗೂ ಆಡುತ್ತಾರಾ? ಯುದ್ಧ, ವಿಜ್ಞಾನ, ಸಂಸ್ಕೃತಿ ಹೀಗೆ ಗೆಲ್ಲೋಕೆ ಹಲವು ದಾರಿ ಇರುವಾಗ, ಯಾವ ಥರದ ಗೆಲುವು ಅಂತ ಯಾವಾಗ ತೀರ್ಮಾನ ಮಾಡುತ್ತಾರೆ?

ಬೇರೆಯವರ ವಿಷಯ ನನಗೆ ಗೊತ್ತಿಲ್ಲ. ನನ್ನದು ಹೇಳುತ್ತೇನೆ. ಮೊದಲ ಎರಡು ವರ್ಷ ನಾನು ಒಂದೇ ಒಂದು ಆಟವನ್ನೂ ಮುಗಿಸಿರಲಿಲ್ಲ. ನನ್ನ ಸೇವ್ ಫೋಲ್ಡರ್ ತೆಗೆದರೆ ಎಲ್ಲವೂ 150ರಿಂದ 200ನೇ ಟರ್ನ್ (ಸರದಿ) ಮಧ್ಯೆ ನಿಂತಿದ್ದವು. ಯಾರಾದರೂ ಕೇಳಿದರೆ ಮಾತ್ರ "ಅದಾ, ಗೆದ್ದಾಗಿತ್ತು ಬಿಡಿ" ಅನ್ನುತ್ತಿದ್ದೆ.

ಈ ಜಂಬ ಇಳಿಸಿದ್ದು ಒಂದು ಸೋಲು. ಆಟ ಸಿವಿಲೈಸೇಶನ್ 6. ವಿಜ್ಞಾನದಲ್ಲಿ, ಅಂದರೆ ಬಾಹ್ಯಾಕಾಶಕ್ಕೆ ಹೋಗಿ ಗೆಲ್ಲುವ ದಾರಿಯಲ್ಲಿ, ನಾನು ಎಲ್ಲರಿಗಿಂತ ಎಷ್ಟೋ ಮುಂದಿದ್ದೆ. ಉಪಗ್ರಹ ಹಾರಿಸಿ ಆಗಿತ್ತು, ಚಂದ್ರನ ಕೆಲಸ ನಡೀತಿತ್ತು. ಈ ಸಲ ಮುಗಿಸಿಯೇ ಬಿಡೋಣ ಅಂತ ಸುಮ್ನೆ ಟರ್ನ್ ಒತ್ತುತ್ತಾ ಕೂತಿದ್ದೆ. ಪಕ್ಕದ ದೇಶದವರ ಧರ್ಮ ಪ್ರಚಾರಕರು ನನ್ನ ಊರುಗಳ ಸುತ್ತ ಓಡಾಡುತ್ತಿದ್ದರು. ನನಗೇನು, ನನ್ನದು ರಾಕೆಟ್ ಲೆಕ್ಕ ಅಂತ ಬಿಟ್ಟೆ. ಒಂದು ಟರ್ನ್ ಒತ್ತಿದೆ, ಪರದೆ ಮೇಲೆ ಬಂತು: ನೀವು ಸೋತಿರಿ. ಆ ಆಟದಲ್ಲಿ ಪ್ರತಿ ದೇಶದ ಅರ್ಧಕ್ಕಿಂತ ಜಾಸ್ತಿ ನಗರಗಳು ಒಬ್ಬರ ಧರ್ಮಕ್ಕೆ ಬಂದರೆ ಅವರೇ ಗೆದ್ದ ಹಾಗೆ. ಉಳಿದ ದೇಶಗಳೆಲ್ಲ ಯಾವಾಗಲೋ ಆ ಕಡೆ ಹೋಗಿದ್ದವು. ಕೊನೆಗೆ ಉಳಿದಿದ್ದು ನಾನೊಬ್ಬನೇ.

ಯುದ್ಧ ಸಾರಿ ನಾಲ್ಕು ತುಕಡಿ ಕಳಿಸಿದ್ದರೆ ಆ ಪ್ರಚಾರಕರನ್ನು ಅಲ್ಲೇ ನಿಲ್ಲಿಸಬಹುದಿತ್ತು. ಯಾರು ಯಾವ ಗೆಲುವಿಗೆ ಎಷ್ಟು ಹತ್ತಿರ ಇದ್ದಾರೆ ಅಂತ ತೋರಿಸುವ ಪಟ್ಟಿಯೇ ಆಟದಲ್ಲಿದೆ. ತೆಗೆದು ನೋಡಿರಲಿಲ್ಲ, ಅಷ್ಟೇ. ಆವತ್ತು ಹಳೆಯ ಸೇವ್‌ಗಳನ್ನೆಲ್ಲ ನೆನೆಸಿಕೊಂಡೆ. "ಗೆದ್ದಾಗಿತ್ತು" ಅಂದಿದ್ದೆನಲ್ಲ, ಅದರಲ್ಲಿ ಎಷ್ಟು ನಿಜವಾಗಿ ಗೆಲ್ಲುತ್ತಿದ್ದೆ? ನಾನು ದೊಡ್ಡವನಾಗಿದ್ದೇನೆ ಅಂತ ಗೊತ್ತಿತ್ತು. ಹೇಗೆ ಗೆಲ್ಲುತ್ತೇನೆ ಅಂತ ಗೊತ್ತಿರಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೇ ತಪ್ಪು.

ನಿಮ್ಮ ಬೇಜಾರಿನ ಬೇರೂ ಇಲ್ಲೇ ಇದೆ ಅಂತ ನನ್ನ ಅನುಮಾನ. ಈ ಜಾತಿಯ ಆಟಗಳನ್ನು 4ಎಕ್ಸ್ ಅನ್ನುತ್ತಾರೆ. 1993ರಲ್ಲಿ ಮಾಸ್ಟರ್ ಆಫ್ ಓರಿಯನ್ ಅನ್ನುವ ಆಟದ ಬಗ್ಗೆ ಬರೆಯುವಾಗ ಹುಟ್ಟಿದ ಹೆಸರು ಅದು. ಹುಡುಕು, ಹರಡು, ಬಳಸಿಕೋ, ಮುಗಿಸು, ಈ ನಾಲ್ಕು ಕೆಲಸ; ಇಂಗ್ಲಿಷಿನಲ್ಲಿ ನಾಲ್ಕೂ 'ಎಕ್ಸ್' ಅಂತ ಶುರುವಾಗುತ್ತವೆ. ಮೊದಲ ಮೂರರಲ್ಲಿ ಪ್ರತಿ ಟರ್ನ್‌ಗೂ ಹೊಸದೇನೋ ಸಿಗುತ್ತೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ದುಡ್ಡು ದುಡ್ಡನ್ನು ದುಡಿಯೋಕೆ ಶುರು ಮಾಡಿರುತ್ತೆ. ಹತ್ತು ನಗರ ಇದ್ದವನಿಗೆ ಹನ್ನೊಂದನೆಯದು ಸುಲಭ, ಎರಡು ಇದ್ದವನಿಗೆ ಮೂರನೆಯದು ಕಷ್ಟ. ಇದನ್ನೇ ಆಡುವವರು ಸ್ನೋಬಾಲ್ ಅನ್ನುವುದು. ಅಂತರ ಬೆಳೆಯುತ್ತಾ ಹೋಗುತ್ತೆ, ಅದರ ಜೊತೆ ಒತ್ತಬೇಕಾದ ಬಟನ್‌ಗಳೂ ಬೆಳೆಯುತ್ತವೆ. ಯೋಚನೆ ಮಾತ್ರ ಕಮ್ಮಿ ಆಗುತ್ತೆ.

ಚೆಸ್‌ನಲ್ಲಿ ಈ ತೊಂದರೆ ಇಲ್ಲ ನೋಡಿ. ಸೋಲು ಖಚಿತ ಅಂತ ಕಂಡರೆ ಎದುರಿನವರು ರಿಸೈನ್ ಮಾಡಿ ಕೈ ಕುಲುಕಿ ಏಳುತ್ತಾರೆ. ಕಂಪ್ಯೂಟರ್ ರಾಜರಿಗೆ ಆ ಮರ್ಯಾದೆ ಯಾರೂ ಕಲಿಸಿಲ್ಲ. ಒಂದೇ ಊರು ಉಳಿದಿದ್ದರೂ "ನಿಮ್ಮ ಸೈನ್ಯ ತೀರಾ ದುರ್ಬಲ" ಅಂತ ಬಂದು ಹೇಳುತ್ತವೆ. ಅಂದ ಹಾಗೆ, ಚೆಸ್‌ನಲ್ಲೂ ಒಂದು ಕಾಲಕ್ಕೆ ಗೆಲ್ಲೋಕೆ ಬೇರೆ ದಾರಿಗಳಿದ್ದವು. ಅದರ ಹಿಂದಿನ ರೂಪವಾದ ಶತ್ರಂಜ್‌ನಲ್ಲಿ ಎದುರಾಳಿಯ ಕಾಯಿಗಳನ್ನೆಲ್ಲ ತಿಂದು ರಾಜನೊಬ್ಬನನ್ನೇ ಉಳಿಸಿದರೂ ಗೆಲುವು, ಅವನಿಗೆ ನಡೆಯೇ ಇಲ್ಲದ ಹಾಗೆ ಮಾಡಿದರೂ ಗೆಲುವು. ಈಗ ಚೆಕ್‌ಮೇಟ್ ಒಂದೇ ಉಳಿದಿದೆ.

ಸಿವಿಲೈಸೇಶನ್ ಹೋಗಿದ್ದು ಇದಕ್ಕೆ ಉಲ್ಟಾ ದಿಕ್ಕಿನಲ್ಲಿ. 1991ರ ಮೊದಲ ಆಟದಲ್ಲಿ ಎಲ್ಲರನ್ನೂ ಸೋಲಿಸಬೇಕು, ಇಲ್ಲ ಎಲ್ಲರಿಗಿಂತ ಮೊದಲು ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ಬಾಹ್ಯಾಕಾಶ ಹಡಗು ಮುಟ್ಟಿಸಬೇಕು. ಸಂಸ್ಕೃತಿಯಿಂದಲೂ ಗೆಲ್ಲಬಹುದು ಅನ್ನುವುದು 2001ರ ಮೂರನೆಯ ಆಟದಲ್ಲಿ ಬಂತು. 2016ರ ಆರನೆಯದರಲ್ಲಿ ಧರ್ಮ ಸೇರಿತು. 2019ರಲ್ಲಿ ಅದರ ವಿಸ್ತರಣೆ ಗ್ಯಾದರಿಂಗ್ ಸ್ಟಾರ್ಮ್ ಬಂದಾಗ, ಹಿಂದಿನ ಆಟಗಳಲ್ಲಿದ್ದ ರಾಜತಾಂತ್ರಿಕ ಗೆಲುವು ಅದಕ್ಕೆ ವಾಪಸ್ ಬಂತು.

ಇಷ್ಟು ದಾರಿ ಇರುವಾಗ ನಾವು ಮಾಡುವ ತಪ್ಪು ಒಂದೇ: ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕೈ ಹಾಕುವುದು. ಎರಡು ದೋಣಿಯ ಮೇಲೆ ಕಾಲಿಟ್ಟವನ ಕಥೆ. ನನ್ನ ಲೆಕ್ಕ ಹೀಗೆ. ಸಾಮಾನ್ಯ ವೇಗದಲ್ಲಿ ಸಿವಿಲೈಸೇಶನ್ 6 ಆಟ 500 ಟರ್ನ್. ನೂರನೇ ಟರ್ನ್ ಹತ್ತಿರ ಒಂದು ಸಲ ಕೈ ಕಟ್ಟಿ ಕೂತು ಮ್ಯಾಪ್ ನೋಡುತ್ತೇನೆ. ಬೆಟ್ಟದ ಸಾಲು ಜಾಸ್ತಿ ಇದ್ದರೆ ವಿಜ್ಞಾನ. ಯಾಕೆಂದರೆ ಪಕ್ಕದ ಪ್ರತಿ ಬೆಟ್ಟದಿಂದಲೂ ಕ್ಯಾಂಪಸ್‌ಗೆ (ನಗರದ ವಿಜ್ಞಾನದ ಬಡಾವಣೆಗೆ) ಒಂದೊಂದು ಅಂಕ ಸಿಗುತ್ತೆ. ಪಕ್ಕದವರ ರಾಜಧಾನಿ ಹತ್ತಿರದಲ್ಲೇ ಇದ್ದು ಅವರ ಸೈನ್ಯ ಸೊರಗಿದ್ದರೆ ಯುದ್ಧ. ಎರಡೂ ಇಲ್ಲದೆ ಒಳ್ಳೆಯ ಅದ್ಭುತ ಕಟ್ಟಡಗಳು ಮೂರು ನಾಲ್ಕು ನನ್ನ ಕೈಯಲ್ಲಿದ್ದರೆ ಸಂಸ್ಕೃತಿ. ನೂರಕ್ಕಿಂತ ಮೊದಲೇ ಹಟ ಹಿಡಿದರೆ ಮ್ಯಾಪ್ ಜೊತೆ ಜಗಳ ಆಗುತ್ತೆ. 200 ದಾಟಿದ ಮೇಲೆ ಅಂದರೆ ನೀವು ಹೇಳುವ ಬೇಜಾರು ಶುರುವಾಗಿರುತ್ತೆ.

ಒಂದೊಂದು ಗೆಲುವಿಗೂ ಅದರದೇ ಕೊನೆ ಇದೆ. ಅದನ್ನು ಆಡಿ ಮುಗಿಸದೆ ತಿಳಿಯುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ಸಂಸ್ಕೃತಿ. ನಿಮ್ಮಲ್ಲಿಗೆ ಬರುವ ಹೊರಗಿನ ಪ್ರವಾಸಿಗರ ಸಂಖ್ಯೆ, ಬೇರೆ ಪ್ರತಿಯೊಂದು ದೇಶದ ಸ್ವಂತ ಪ್ರವಾಸಿಗರ ಸಂಖ್ಯೆಗಿಂತ ಜಾಸ್ತಿ ಆಗಬೇಕು. ಸ್ವಂತ ಪ್ರವಾಸಿಗರು ಬರುವುದು ಆ ದೇಶ ಅಲ್ಲಿವರೆಗೆ ಗಳಿಸಿದ ಸಂಸ್ಕೃತಿಯಿಂದ. ಹಾಗಾಗಿ ನಿಮ್ಮ ಎದುರಾಳಿ ಎಲ್ಲರೂ ಅಲ್ಲ, ಒಬ್ಬನೇ. ಯಾರ ಸಂಸ್ಕೃತಿ ಎಲ್ಲಕ್ಕಿಂತ ಜಾಸ್ತಿಯೋ ಅವನು. ಅವನ ಜೊತೆ ಗಡಿ ತೆರೆದುಕೊಳ್ಳಿ, ಅವನ ಊರಿಗೆ ವ್ಯಾಪಾರದ ದಾರಿ ಕಳಿಸಿ. ಎರಡಕ್ಕೂ ತಲಾ ಶೇ. 25ರಷ್ಟು ಪ್ರವಾಸೋದ್ಯಮ ಏರುತ್ತೆ. ಇದನ್ನು ಕಂಡುಕೊಂಡ ಮೇಲೆ ಒಂದು ಆಟದಲ್ಲಿ ನಾನು ಪೂರ್ತಿ ಶಾಂತಿಯಿಂದ 230 ಟರ್ನ್ ಆಡಿ, ಆಮೇಲೆ ಒಂದೇ ಒಂದು ಯುದ್ಧ ಮಾಡಿದೆ. ಆ ಎದುರಾಳಿಯ ಚಿತ್ರಗಳು, ಪುಸ್ತಕಗಳು ತುಂಬಿದ್ದ ಎರಡು ನಗರ ಕಿತ್ತುಕೊಂಡೆ. ಅವನ ಲೆಕ್ಕ ಏರುವುದು ನಿಧಾನವಾಯಿತು, ನನ್ನದು ಜಿಗಿಯಿತು. ಶಾಂತಿದೂತನ ಗೆಲುವಿಗೆ ಕಳ್ಳತನದ ಕೊನೆ! ಆ ಕೊನೆಯ 40 ಟರ್ನ್‌ಗಳಷ್ಟು ಖುಷಿ ಯಾವ ಆಟದ ಶುರುವಿನಲ್ಲೂ ಸಿಕ್ಕಿಲ್ಲ.

ರಾಜತಾಂತ್ರಿಕ ಗೆಲುವಿಗೆ 20 ಅಂಕ ಬೇಕು. ಅದು ಸ್ವಲ್ಪ ತಮಾಷೆಯದು. ನೀವು ಮುಂದಿದ್ದರೆ ವಿಶ್ವ ಸಭೆಯಲ್ಲಿ ಎಲ್ಲರೂ ಸೇರಿ ನಿಮ್ಮ 2 ಅಂಕ ಕಳೆಯೋಕೆ ಮತ ಹಾಕುತ್ತಾರೆ. ಆಗ ನೀವೂ ನಿಮ್ಮ ವಿರುದ್ಧವೇ ಮತ ಹಾಕಬೇಕು. ಗೆದ್ದ ಪಕ್ಷದಲ್ಲಿ ನಿಂತಿದ್ದಕ್ಕೆ 1 ಅಂಕ ವಾಪಸ್ ಬರುತ್ತೆ. ಮೊದಲ ಸಲ ಇದನ್ನು ಮಾಡಿದಾಗ ಒಬ್ಬನೇ ಕೂತು ನಕ್ಕಿದ್ದೆ.

ಯುದ್ಧದ ಗೆಲುವು ಬೇಜಾರು ಅನ್ನುವವರು ಸಾಮಾನ್ಯವಾಗಿ ಕಂಡ ಊರನ್ನೆಲ್ಲ ಹಿಡಿಯುತ್ತಿರುತ್ತಾರೆ. ಬೇಕಾಗಿರುವುದು ಮೂಲ ರಾಜಧಾನಿಗಳು ಮಾತ್ರ. ಉಳಿದ ಊರು ಹಿಡಿದರೆ ಅದರ ಚಾಕರಿಯೂ ನಿಮ್ಮದೇ. ವಿಜ್ಞಾನದ ಕೊನೆ ಮಾತ್ರ ನಿಜಕ್ಕೂ ಸಪ್ಪೆ, ಒಪ್ಪುತ್ತೇನೆ. ಗ್ಯಾದರಿಂಗ್ ಸ್ಟಾರ್ಮ್‌ನಲ್ಲಿ ಕೊನೆಯ ಹಡಗು ಹಾರಿಸಿದ ಮೇಲೂ ಅದು 50 ಜ್ಯೋತಿರ್ವರ್ಷ ಹೋಗಬೇಕು. ಲೇಸರ್ ಕೇಂದ್ರ ಕಟ್ಟಿ ವೇಗ ಹೆಚ್ಚಿಸದಿದ್ದರೆ ಟರ್ನ್‌ಗೆ ಒಂದೇ ಜ್ಯೋತಿರ್ವರ್ಷ.

ಕೊನೆಯನ್ನು ಚೆನ್ನಾಗಿ ಮಾಡಿದ ಆಟ ಯಾವುದು ಅಂದರೆ ನಾನು 1999ರ ಏಜ್ ಆಫ್ ಎಂಪೈರ್ಸ್ 2 ಅನ್ನುತ್ತೇನೆ. ಅಲ್ಲಿ ಒಂದು ವಂಡರ್ (ಅದ್ಭುತ ಕಟ್ಟಡ) ಕಟ್ಟಿ ಆಟದ ಲೆಕ್ಕದಲ್ಲಿ 200 ವರ್ಷ ಉಳಿಸಿಕೊಂಡರೆ ಗೆಲುವು. ಅದು ಎದ್ದ ಕೂಡಲೇ ಎಲ್ಲರ ಪರದೆಯಲ್ಲೂ ಗಡಿಯಾರ ಓಡುತ್ತೆ. ನೀವು ಗೆಲ್ಲೋಕೆ ಹೊರಟಿದ್ದೀರಿ ಅಂತ ಡಂಗುರ ಸಾರಿದ ಹಾಗೆ. ಅಲ್ಲಿವರೆಗೆ ತಮ್ಮ ಪಾಡಿಗೆ ಇದ್ದವರೆಲ್ಲ ನಿಮ್ಮ ಬಾಗಿಲಿಗೆ ಬರುತ್ತಾರೆ. ಗೆಲುವು ಹತ್ತಿರ ಬಂದಷ್ಟೂ ಆಟ ಕಷ್ಟ ಆಗಬೇಕು, ಅಲ್ವಾ? ಅದೊಂದನ್ನು ಆ ಹಳೆಯ ಆಟ ಸರಿಯಾಗಿ ಹಿಡಿದಿತ್ತು.

2025ರ ಸಿವಿಲೈಸೇಶನ್ 7 ಬೇರೆ ದಾರಿ ಹಿಡಿಯಿತು. ಆಟವನ್ನು ಮೂರು ಯುಗಗಳಾಗಿ ಕತ್ತರಿಸಿ, ಪ್ರತಿ ಯುಗದ ಕೊನೆಗೆ ಅರ್ಧಂಬರ್ಧ ಹೊಸದಾಗಿ ಶುರು ಮಾಡಿಸುತ್ತೆ. ಸ್ನೋಬಾಲ್ ಒಡೆಯುತ್ತೆ, ನಿಜ. ನಾನು ಕಟ್ಟಿಕೊಂಡಿದ್ದೂ ಒಡೆಯುತ್ತೆ. ನನಗೆ ಒಗ್ಗಲಿಲ್ಲ. ನಿಮಗೆ ಒಗ್ಗಬಹುದು, ಆಡಿ ನೋಡಿ.

ಹಾಗಂತ ಎಲ್ಲ ಆಟವನ್ನೂ ಮುಗಿಸಲೇಬೇಕು ಅಂತ ನಾನು ಹೇಳುತ್ತಿಲ್ಲ. ಯುರೋಪಾ ಯೂನಿವರ್ಸಾಲಿಸ್ 4 ಥರದ್ದರಲ್ಲಿ 1444ರಿಂದ 1821ರವರೆಗೆ ಆಡಬಹುದು, ಗೆಲುವು ಅಂತ ಒಂದು ಗೆರೆಯೇ ಇಲ್ಲ. ನೀವೇ ಹಾಕಿಕೊಂಡ ಗುರಿ ಮುಟ್ಟಿದ ದಿನ ಎದ್ದು ಹೋಗಿ, ಯಾರೂ ಕೇಳುವುದಿಲ್ಲ. ಬೇರೆ ಆಟಗಳಲ್ಲೂ ನಾನು ಈಗಲೂ ಎಷ್ಟೋ ಸಲ ಅರ್ಧಕ್ಕೆ ಬಿಡುತ್ತೇನೆ. ಬಿಡುವ ಮೊದಲು ಒಂದು ಕೆಲಸ ಮಾತ್ರ ಮಾಡುತ್ತೇನೆ. ಯಾವ ಗೆಲುವು, ಎಷ್ಟನೇ ಟರ್ನ್‌ಗೆ ಅಂತ ಒಂದು ಚೀಟಿಯಲ್ಲಿ ಬರೆಯುತ್ತೇನೆ. ಬರೆಯೋಕೆ ಆಗದಿದ್ದರೆ, ಗೆದ್ದಿದ್ದೇನೆ ಅನ್ನುವುದು ಬರೀ ನನ್ನ ನಂಬಿಕೆ. ಅಂಥ ಆಟವನ್ನು ಬಿಡುವುದಿಲ್ಲ, ಯಾಕೆಂದರೆ ಅದಿನ್ನೂ ಮುಗಿದಿಲ್ಲ. ಬರೆದ ಟರ್ನ್‌ಗೆ ಇನ್ನು 30 ಟರ್ನ್‌ಗಳೊಳಗೆ ಬಾಕಿ ಇದ್ದರೆ ಮುಗಿಸುತ್ತೇನೆ. ನೂರರ ಆಚೆ ಇದ್ದರೆ ನಮಸ್ಕಾರ ಹೇಳಿ ಮುಚ್ಚುತ್ತೇನೆ. ಮಧ್ಯೆ ಇದ್ದರೆ ಆ ಸಂಖ್ಯೆಗೇ ಪೈಪೋಟಿ ಕೊಡುತ್ತೇನೆ. ಎದುರಿನ ಕಂಪ್ಯೂಟರ್ ಸೋತಿರಬಹುದು, ಚೀಟಿ ಸೋತಿರುವುದಿಲ್ಲ.

ಇನ್ನೊಂದು ಸಣ್ಣ ಸಲಹೆ. ಸಣ್ಣ ಮ್ಯಾಪ್ ತಗೊಳ್ಳಿ, ಆನ್‌ಲೈನ್ ವೇಗ ಇಡಿ. ಆಗ ಇಡೀ ಆಟ 250 ಟರ್ನ್. ಕೊನೆ ಹತ್ತಿರ ಬಂದಾಗ ಗೆಲುವಿಗೆ ಸಂಬಂಧ ಇಲ್ಲದ ನಗರಗಳಿಗೆ ಉದ್ದದ ಕೆಲಸ ಕೊಟ್ಟು ಮರೆತುಬಿಡಿ.

ಈಗ ನಡೆಯುತ್ತಿರುವ ನನ್ನ ಆಟದ ಚೀಟಿಯಲ್ಲಿ "ಸಂಸ್ಕೃತಿ, 240" ಅಂತ ಇದೆ. ನಿನ್ನೆ ರಾತ್ರಿ 251ಕ್ಕೆ ನಿಲ್ಲಿಸಿ ಮಲಗಿದೆ. ಪ್ರವಾಸಿಗರನ್ನು ಸೆಳೆಯೋಕೆ ಪಕ್ಕದ ದೇಶಕ್ಕೆ ಕಳಿಸಿದ್ದ ರಾಕ್ ಬ್ಯಾಂಡ್ ಮೊದಲ ಸಂಗೀತ ಕಚೇರಿಯಲ್ಲೇ ಒಡೆದು ಹೋಯಿತು. ಇನ್ನೂ ಒಂಬತ್ತು ಪ್ರವಾಸಿಗರು ಬೇಕು.