ಗಣಿತದ ಅಂಕ ಮತ್ತು ರೋಸೆನ್‌ಬರ್ಗ್ ಸ್ಕೇಲ್
ಒಂಬತ್ತನೇ ಕ್ಲಾಸಿನ ಮಕ್ಕಳ ಗಣಿತದ ಅಂಕಕ್ಕೂ ಆತ್ಮಗೌರವ ಅಳೆಯುವ ಪ್ರಶ್ನಾವಳಿಯಾದ ರೋಸೆನ್‌ಬರ್ಗ್ ಸ್ಕೇಲಿನ ಸ್ಕೋರಿಗೂ ತಾಳೆಯೇ ಆಗುತ್ತಿಲ್ಲ, ಡೇಟಾ ತಪ್ಪಾಯ್ತಾ ಅಂತ ಕೇಳಿದ್ದೀರಿ. ಡೇಟಾ ಸರಿಯೇ ಇರಬಹುದು, ಅಳತೆಗೋಲು ಬೇರೆಯದು ಬೇಕಿತ್ತು. 1965ರ ಆ ಸ್ಕೇಲಿನ ಹತ್ತು ಹೇಳಿಕೆಗಳು ಅಳೆಯುವುದು ಒಟ್ಟಾರೆ ಆತ್ಮಗೌರವವನ್ನು. ಗಣಿತದ ಮಾತೇ ಅಲ್ಲಿಲ್ಲ ಅಲ್ವಾ? ಸೆಲ್ಫ್ ಕಾನ್ಸೆಪ್ಟ್‌ಗೆ, ಅಂದ್ರೆ ನಮ್ಮ ಬಗ್ಗೆ ನಮಗೇ ಇರುವ ಕಲ್ಪನೆಗೆ, ಓದು, ಗೆಳೆಯರು, ಮೈಕಟ್ಟು ಅಂತ ಹಲವು ಕವಲುಗಳಿವೆ ಎಂದು ಸಂಶೋಧಕ ಶೇವಲ್ಸನ್ ಮತ್ತು ಜೊತೆಗಾರರು 1976ರಲ್ಲೇ ಹೇಳಿದ್ದರು. ಅದನ್ನೇ ಆಧರಿಸಿ ಹರ್ಬರ್ಟ್ ಮಾರ್ಷ್ ರೂಪಿಸಿದ ಎಸ್‌ಡಿಕ್ಯೂ-2 (ಸೆಲ್ಫ್ ಡಿಸ್ಕ್ರಿಪ್ಷನ್ ಕ್ವೆಶ್ಚನೇರ್) ಎಂಬ ಪ್ರಶ್ನಾವಳಿ ಹೈಸ್ಕೂಲ್ ವಯಸ್ಸಿನವರಿಗೇ ಇರುವುದು. ಅದರಲ್ಲಿ ಗಣಿತಕ್ಕೆ ಬೇರೆ ಭಾಗವೇ ಇದೆ.

ಮಜಾ ಏನಂದ್ರೆ, ಗಣಿತ ಮತ್ತು ಭಾಷೆಯ ಅಂಕಗಳು ಸಾಮಾನ್ಯವಾಗಿ ಜೊತೆಜೊತೆಗೇ ಏರುತ್ತವೆ. ‘ಗಣಿತ ನನಗೆ ಬರುತ್ತದೆ’, ‘ಭಾಷೆ ನನಗೆ ಬರುತ್ತದೆ’ ಎಂಬ ಭಾವನೆಗಳ ನಡುವೆ ಮಾತ್ರ ಜಾಸ್ತಿ ನಂಟಿರುವುದಿಲ್ಲ. ಯಾಕಂದ್ರೆ ಮಗು ತನ್ನದೇ ಎರಡು ವಿಷಯಗಳನ್ನು ಒಂದಕ್ಕೊಂದು ಹೋಲಿಸಿಕೊಳ್ಳುತ್ತದೆ.

ಹಾಂ, ರೋಸೆನ್‌ಬರ್ಗ್‌ನ ಐದು ನೆಗೆಟಿವ್ ಹೇಳಿಕೆಗಳ ಅಂಕವನ್ನು ತಿರುಗಿಸಿ (ಒಪ್ಪಿದಷ್ಟೂ ಕಡಿಮೆ ಅಂಕ ಬರುವಂತೆ) ಕೂಡಿದ್ದೀರಾ? ನಾನು ಮೊದಲ ಸಲ ಮರೆತಿದ್ದೆ.