ಸ್ಪೀಕರ್ ರೀಸೆಟ್ ಮಾಡುವ ಮೊದಲು ರೂಟರ್ ಕಡೆ ನೋಡಿ

ವೈಫೈ ಸ್ಪೀಕರ್ ಒಮ್ಮೊಮ್ಮೆ ಆ್ಯಪ್‌ನಲ್ಲಿ ಕಾಣಿಸುವುದೇ ಇಲ್ಲ, ಕಾಣಿಸಿದಾಗಲೂ ಹಾಡು ನಡುನಡುವೆ ನಿಂತುಬಿಡುತ್ತದೆ, ಇಂಟರ್ನೆಟ್ 100 ಎಂಬಿಪಿಎಸ್ ಇದ್ದರೂ ಹೀಗೇಕೆ, ರೀಸೆಟ್ ಮಾಡಿದರೂ ಪ್ರಯೋಜನ ಆಗಲಿಲ್ಲ ಅಂತ ಕೇಳಿದ್ದೀರಿ. ದಯವಿಟ್ಟು ಇನ್ನೊಂದು ಸಲ ರೀಸೆಟ್ ಮಾಡಬೇಡಿ. ಜಾಸ್ತಿ ಸ್ಪೀಡಿನ ಪ್ಲಾನ್‌ಗೆ ದುಡ್ಡು ಹಾಕುವುದೂ ಬೇಡ. ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ. ಎರಡನ್ನೂ ಒಟ್ಟಿಗೆ ಸರಿಮಾಡಲು ಹೊರಟರೆ ತಲೆ ಕೆಡುತ್ತದೆ ಅಷ್ಟೆ.

ಮೊದಲು ಸ್ಪೀಡಿನ ಮಾತು ಮುಗಿಸೋಣ. ಒಳ್ಳೆಯ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 320 ಕಿಲೋಬಿಟ್ ಸಾಕು. ಸಿಡಿ ಗುಣಮಟ್ಟದ ಹಾಡನ್ನು ಸ್ವಲ್ಪವೂ ಕುಗ್ಗಿಸದೆ ಕಳಿಸಿದರೂ 1,411 ಕಿಲೋಬಿಟ್ ಆಗುತ್ತದೆ. ಸಾವಿರ ಕಿಲೋಬಿಟ್ ಸೇರಿದರೆ ಒಂದು ಎಂಬಿಪಿಎಸ್, ಅಂದರೆ ಒಂದೂವರೆ ಎಂಬಿಪಿಎಸ್ ಕೂಡ ಬೇಕಿಲ್ಲ. ನಿಮ್ಮ ಹತ್ತಿರ 100 ಇದೆ. ಹಾಗಾಗಿ ಎಡವಟ್ಟು ಆಗುತ್ತಿರುವುದು ಬಹುತೇಕ ಮನೆಯೊಳಗೇ, ರೂಟರ್‌ಗೂ ಸ್ಪೀಕರ್‌ಗೂ ನಡುವೆ.

ಈಗ ಸ್ಪೀಕರ್ ಕಾಣಿಸದ ವಿಷಯ. ಆ್ಯಪ್ ತೆರೆದಾಗ ಫೋನ್ ಮನೆಯ ನೆಟ್‌ವರ್ಕ್‌ನಲ್ಲಿ ‘ಯಾರಿದ್ದೀರಿ?’ ಅಂತ ಕೂಗು ಹಾಕುತ್ತದೆ, ಸ್ಪೀಕರ್ ಓಗೊಡುತ್ತದೆ. ಎಂಡಿಎನ್ಎಸ್ ಅನ್ನುವುದು ಇದನ್ನೇ. ಈ ಕೂಗು ಒಂದು ನೆಟ್‌ವರ್ಕಿನ ಗಡಿ ದಾಟುವುದಿಲ್ಲ. ಫೋನ್ ಗೆಸ್ಟ್ ವೈಫೈನಲ್ಲಿದ್ದು (ಅತಿಥಿಗಳಿಗೆಂದು ರೂಟರ್ ಕೊಡುವ ಬೇರೆ ನೆಟ್‌ವರ್ಕ್) ಸ್ಪೀಕರ್ ಮಾಮೂಲಿ ವೈಫೈನಲ್ಲಿದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಫೋನಿನಲ್ಲಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಆನ್ ಇದ್ದರೂ ಹೀಗಾಗಬಹುದು. ರೂಟರ್ ಸೆಟ್ಟಿಂಗ್ಸ್‌ನಲ್ಲಿ ‘ಎಪಿ ಐಸೊಲೇಶನ್’ ಅಥವಾ ‘ಕ್ಲೈಂಟ್ ಐಸೊಲೇಶನ್’ ಅಂತ ಇದ್ದರೆ ಅದನ್ನು ಆಫ್ ಮಾಡಿ. ಅದರ ಕೆಲಸವೇ ಸಾಧನಗಳು ಒಂದನ್ನೊಂದು ನೋಡದಂತೆ ತಡೆಯುವುದು.

ಐಫೋನ್ ಆದರೆ ಇನ್ನೊಂದು ಕಡೆ ನೋಡಬೇಕು. 2020ರಲ್ಲಿ ಬಂದ ಐಒಎಸ್ 14ರಿಂದ (ಐಫೋನಿನ ಸಾಫ್ಟ್‌ವೇರ್) ಮನೆಯ ನೆಟ್‌ವರ್ಕಿನಲ್ಲಿ ಸಾಧನ ಹುಡುಕುವ ಪ್ರತಿ ಆ್ಯಪ್ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೇಳುತ್ತದೆ. ಆ ಪ್ರಶ್ನೆ ಬಂದಾಗ ನಾವು ಓದದೆ ‘ಬೇಡ’ ಒತ್ತಿಬಿಟ್ಟಿರುತ್ತೇವೆ, ಆಮೇಲೆ ಆ್ಯಪ್ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಒಳಗೆ ಹೋಗಿ ಅದನ್ನು ಆನ್ ಮಾಡಿ.

ಮನೆಯಲ್ಲಿ ಎರಡು ರೂಟರ್ ಇದೆಯಾ? ಇಂಟರ್ನೆಟ್ ಕಂಪನಿಯವರು ಕೊಟ್ಟ ಡಬ್ಬಿ ಒಂದು, ನೀವೇ ತಂದದ್ದು ಇನ್ನೊಂದು? ಎರಡರಲ್ಲೂ ವೈಫೈ ಆನ್ ಇದ್ದರೆ, ಫೋನ್ ಒಂದಕ್ಕೆ, ಸ್ಪೀಕರ್ ಇನ್ನೊಂದಕ್ಕೆ ಸೇರಿಕೊಂಡಿರುವ ಸಾಧ್ಯತೆ ಬಹಳ. ‘ಒಮ್ಮೊಮ್ಮೆ ಕಾಣಿಸುತ್ತದೆ’ ಅಂತ ನೀವು ಬರೆದಿರುವುದನ್ನು ನೋಡಿದರೆ ನನಗೆ ಮೊದಲ ಅನುಮಾನ ಇದರ ಮೇಲೇ. ಒಂದರ ವೈಫೈ ಆಫ್ ಮಾಡಿ ನೋಡಿ. ಹಾಗೇ ರೂಟರ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಇದ್ದರೆ ಸ್ಪೀಕರ್‌ಗೆ ಒಂದು ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಅದರ ವಿಳಾಸದ ಸಂಖ್ಯೆ) ಖಾಯಂ ಮಾಡಿಡಿ. ಕರೆಂಟ್ ಹೋಗಿ ಬಂದ ಮೇಲೆ ಸ್ಪೀಕರ್ ನಾಪತ್ತೆಯಾಗುವುದು ಇದರಿಂದ ಕಡಿಮೆಯಾಗುತ್ತದೆ.

ಹಾಡು ನಿಲ್ಲುವ ವಿಷಯಕ್ಕೆ ಬರೋಣ. ಇಲ್ಲಿ ಒಂದು ಸುಲಭದ ಪರೀಕ್ಷೆ ಇದೆ, ಬೇರೇನೂ ಮುಟ್ಟುವ ಮೊದಲು ಅದನ್ನು ಮಾಡಿ. ಗೂಗಲ್ ಕ್ಯಾಸ್ಟ್ ಅಥವಾ ಸ್ಪಾಟಿಫೈ ಕನೆಕ್ಟ್ (ಆ್ಯಪ್‌ನಿಂದ ವೈಫೈ ಸ್ಪೀಕರ್‌ನಲ್ಲಿ ಹಾಡು ಹಾಕುವ ಸೌಲಭ್ಯಗಳು) ಮೂಲಕ ಹಾಡು ಹಾಕಿ, ಒಂದು ನಿಮಿಷ ಆದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಾಡು ಮುಂದುವರಿಯುತ್ತದೆ. ಯಾಕೆಂದರೆ ಈ ವಿಧಾನದಲ್ಲಿ ಫೋನ್ ಬರೀ ರಿಮೋಟ್, ಸ್ಪೀಕರ್ ತಾನೇ ಇಂಟರ್ನೆಟ್‌ನಿಂದ ಹಾಡು ತರಿಸಿಕೊಳ್ಳುತ್ತದೆ. ಬ್ಲೂಟೂತ್‌ನಲ್ಲಿ ಹಾಗಲ್ಲ, ಹಾಡು ಫೋನಿನಿಂದಲೇ ಹೋಗಬೇಕು. ಆ್ಯಪಲ್‌ನ ಏರ್‌ಪ್ಲೇಯಲ್ಲೂ ಸಾಮಾನ್ಯವಾಗಿ ಅಷ್ಟೇ. ಕ್ಯಾಸ್ಟ್‌ನಲ್ಲಿ ಸರಿಯಾಗಿ ಬಂದು ಬ್ಲೂಟೂತ್‌ನಲ್ಲಿ ಮಾತ್ರ ಕಡಿದು ಕಡಿದು ಬಂದರೆ ರೂಟರನ್ನು ಬಿಟ್ಟುಬಿಡಿ, ಫೋನನ್ನು ಸ್ಪೀಕರ್ ಹತ್ತಿರ ಇಟ್ಟು ನೋಡಿ.

ಕ್ಯಾಸ್ಟ್‌ನಲ್ಲೂ ನಿಲ್ಲುತ್ತಿದ್ದರೆ ಸ್ಪೀಕರನ್ನು ಎತ್ತಿ ರೂಟರ್ ಇರುವ ರೂಮಿಗೇ ತನ್ನಿ. ಒಂದು ಸಂಜೆ ಅಲ್ಲೇ ಹಾಡಲಿ. ಅಲ್ಲಿ ಒಂದು ಸಲವೂ ನಿಲ್ಲದಿದ್ದರೆ ಸ್ಪೀಕರ್ ಚೆನ್ನಾಗಿದೆ, ಸಿಗ್ನಲ್ ಸಾಲುತ್ತಿಲ್ಲ ಅಂತ ಅರ್ಥ. ರೂಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರು ಮೇಲೆ, ನೆಲದ ಮೂಲೆಯಲ್ಲಿ ಇಡಬೇಡಿ. ರೂಟರ್‌ಗೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ಅದನ್ನು ತೆಗೆದು ನೋಡಿ. ಅದರಿಂದ ಹೊರಡುವ ಗದ್ದಲ ಸರಿಯಾಗಿ ವೈಫೈ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೋ ಪಟ್ಟಿಯ ಮೇಲೇ ಬೀಳುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ.

ಆ 2.4 ಪಟ್ಟಿಯಲ್ಲಿ ಜನಜಂಗುಳಿ ಜಾಸ್ತಿ. ಬ್ಲೂಟೂತ್ ಅಲ್ಲೇ ಇದೆ, ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45ರ ಆಸುಪಾಸಿನಲ್ಲೇ, ಅಕ್ಕಪಕ್ಕದ ಮನೆಗಳ ವೈಫೈ ಬೇರೆ. ನಮ್ಮ ಮನೆಯಲ್ಲಿ ಅಡುಗೆಮನೆ ಗೋಡೆಯ ಪಕ್ಕದ ಸ್ಪೀಕರ್ ಓವನ್ ಶುರುವಾದ ಸ್ವಲ್ಪ ಹೊತ್ತಿಗೇ ನಿಲ್ಲುತ್ತಿತ್ತು. ತಕ್ಷಣ ನಿಲ್ಲುವುದಿಲ್ಲ, ಯಾಕೆಂದರೆ ಸ್ಪೀಕರ್ ಮುಂದಿನ ಕೆಲವು ಸೆಕೆಂಡಿನ ಹಾಡನ್ನು ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ಅದು ಖಾಲಿಯಾದಾಗ ಸದ್ದು ಹೋಗುತ್ತದೆ. ನಿಮ್ಮಲ್ಲೂ ಹಾಡು ನಿಂತಾಗ ಅದಕ್ಕೆ ಸ್ವಲ್ಪ ಮೊದಲು ಮನೆಯಲ್ಲಿ ಏನು ಆನ್ ಆಯಿತು ಅಂತ ಗಮನಿಸಿ.

ಸ್ಪೀಕರ್‌ಗೆ ವೈಫೈನ ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸ್ ಬರುತ್ತದೆ ಅಂದರೆ, ರೂಟರ್ ಹತ್ತಿರವೇ ಇದ್ದರೆ, ಅದಕ್ಕೆ ಹಾಕಿ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ (ಪಟ್ಟಿಯೊಳಗಿನ ಒಂದೊಂದು ದಾರಿ) 36ರಿಂದ 48ರ ಒಳಗೆ ಇರಲಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹೆಚ್ಚಿನ ಕಡೆ ರಾಡಾರ್ ಜೊತೆ ಹಂಚಿಕೊಳ್ಳಬೇಕು. ರಾಡಾರ್ ಇದೆ ಅನ್ನಿಸಿದರೆ ರೂಟರ್ ಆ ಚಾನೆಲ್ ಬಿಟ್ಟು ಓಡಲೇಬೇಕು, ಆಗ ಹಾಡೂ ನಿಲ್ಲಬಹುದು. 2.4 ಮಾತ್ರ ಬರುವ ಸ್ಪೀಕರ್ ಆದರೆ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ, ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. ‘ಆಟೋ’ ಬೇಡ, ಅದು ಆಗಾಗ ಚಾನೆಲ್ ಬದಲಿಸುತ್ತದೆ, ಕೆಲವು ಸ್ಪೀಕರ್‌ಗಳಿಗೆ ಅದರ ಹಿಂದೆ ಹೋಗಲು ಬರುವುದಿಲ್ಲ. ಸ್ಪೀಕರ್ ಹಳೆಯದಾಗಿದ್ದು ರೂಟರ್‌ನಲ್ಲಿ ಬರೀ ಡಬ್ಲ್ಯುಪಿಎ 3 (ವೈಫೈ ಭದ್ರತೆಯ ಹೊಸ ವಿಧಾನ) ಇದ್ದರೆ ಡಬ್ಲ್ಯುಪಿಎ 2 ಕೂಡ ಸೇರಿರುವ ಆಯ್ಕೆಗೆ ಬದಲಿಸಿ.

ಇಷ್ಟೆಲ್ಲ ಆದಮೇಲೂ ರೂಟರ್ ಪಕ್ಕದಲ್ಲೇ ಹಾಡು ನಿಲ್ಲುತ್ತಿದ್ದರೆ ಕೊನೆಯದೊಂದು ಪರೀಕ್ಷೆ. ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಸ್ಪೀಕರನ್ನು ಅದಕ್ಕೆ ಸೇರಿಸಿ. ಅಲ್ಲಿ ಸರಿಯಾಗಿ ಹಾಡಿದರೆ ರೂಟರ್ ಬದಲಿಸುವ ಯೋಚನೆ ಮಾಡಬಹುದು. ಅಲ್ಲೂ ಕಡಿದು ಕಡಿದು ಬಂದರೆ ಸ್ಪೀಕರ್ ಒಳಗಿನ ವೈಫೈಯೇ ಹಾಳಾಗಿರಬೇಕು. ಆಗ ಬಿಲ್ ಹುಡುಕಿ, ವಾರಂಟಿ ಮುಗಿಯುವ ಮೊದಲೇ ಸರ್ವಿಸ್‌ಗೆ ಕೊಟ್ಟುಬಿಡಿ.