ಅಜ್ಜಿ ಹೇಳಿದ ಹಾಡು ಮೇಲಲ್ಲಿ ಹೋಗ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ನಮಸ್ಕಾರ ಸಾರ್, ನಮ್ಮದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ಅಜ್ಜಿಯ ಸಹಸ್ರಚಂದ್ರ ದರ್ಶನದ್ದು 24 ಫೋಟೋ ಆರಿಸಿ ಪವರ್‌ಪಾಯಿಂಟಲ್ಲಿ ಸ್ಲೈಡ್ ಶೋ ಮಾಡಿದೀನಿ. ಅಜ್ಜಿ ಹಿಂದೆ ಯಾರದೋ ಮದುವೇಲಿ ಹೇಳಿದ ಹಸೆ ಹಾಡು ಹಳೇ ಕ್ಯಾಸೆಟ್ಟಲ್ಲಿತ್ತು, ಅದನ್ನ ಕಂಪ್ಯೂಟರಿಗೆ ಇಳಿಸಿ ಹಿನ್ನೆಲೆಗೆ ಹಾಕಿದೆ. ಹಾಡು 6 ನಿಮಿಷ, ಅದೊಂದೇ 60 ಎಂಬಿ ಇದೆ! ಅಮೆರಿಕದಲ್ಲಿರೋ ಅಕ್ಕಂಗೆ ಮೇಲ್ ಮಾಡೋಕೆ ಹೋದ್ರೆ ಫೈಲ್ ದೊಡ್ಡದಾಯ್ತು ಅಂತದೆ. ಫೈಲ್ ಹೆಸರಲ್ಲಿ ವೇವ್ ಅಂತ ಇದ್ದಿದ್ದನ್ನ ಎಂಪಿ3 ಅಂತ ಬದಲಾಯಿಸಿದೆ, ಜಿಪ್ಪೂ ಮಾಡಿದೆ, ಹೆಚ್ಚೇನೂ ಇಳೀಲಿಲ್ಲ. ಅಜ್ಜಿ ದನಿ ಕೆಡದ ಹಾಗೆ ಸಣ್ಣ ಮಾಡೋಕಾಗ್ತದಾ?

ಉತ್ತರ: ಖಂಡಿತ ಆಗ್ತದೆ. ಆದ್ರೆ ಅದಕ್ಕೂ ಮೊದ್ಲು ಒಂದು ಮಾತು, ಆ 60 ಎಂಬಿ ಫೈಲನ್ನ ಮಾತ್ರ ಅಳಿಸ್ಬೇಡಿ. ನಮ್ಮ ಕಡೆ ಮಳೆಗಾಲದ ಥಂಡಿಗೆ ಕ್ಯಾಸೆಟ್ ಟೇಪಿಗೆ ಬೂಷ್ಟು ಹಿಡಿಯೋದು ಗೊತ್ತಲ್ಲ, ನಾಳೆ ಆ ಕ್ಯಾಸೆಟ್ ಓಡದಿದ್ರೆ ಅಜ್ಜಿಯ ದನಿ ಪೂರ್ತಿಯಾಗಿ ಉಳಿದಿರೋದು ಆ ಫೈಲಲ್ಲೇ. ಪೆನ್‌ಡ್ರೈವಲ್ಲೊಂದು, ನೆಂಟರ ಮನೆ ಕಂಪ್ಯೂಟರಲ್ಲೊಂದು ಕಾಪಿ ಇಟ್ಟು ಆಮೇಲೆ ಕೆಲಸ ಶುರು ಮಾಡಿ.

ವೇವ್ ಫೈಲು ಅಷ್ಟು ದಪ್ಪ ಯಾಕೆ ಅಂದ್ರೆ ಅದು ಸದ್ದಲ್ಲಿ ಏನನ್ನೂ ಬಿಡಲ್ಲ, ಸೆಕೆಂಡಿಗೆ 44,100 ಸಲ ಅಳೀತದೆ, ಒಂದೊಂದು ಅಳತೆಗೂ 16 ಬಿಟ್, ಅದೂ ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಚಾನೆಲ್, ಹಿಂಗಾಗಿ ನಿಮಿಷಕ್ಕೆ ಸುಮಾರು 10 ಎಂಬಿ ಆಗಿಬಿಡ್ತದೆ. ನೀವು ಹೆಸರು ಬದಲಾಯಿಸಿದ್ದು ಭರಣಿ ಮೇಲಿನ ಚೀಟಿ ಬದಲಾಯಿಸಿದ ಹಾಗೆ, ಒಳಗಿರೋದು ಅದೇ ಅಪ್ಪೆಮಿಡಿ. ಜಿಪ್ ಆದ್ರೆ ಫೈಲಲ್ಲಿ ಮತ್ತೆ ಮತ್ತೆ ಬರೋದನ್ನ ಹುಡುಕಿ ಮಡಚಿಡ್ತದೆ, ಹಾಡಿನ ಅಳತೆಗಳು ಹಾಗೆ ಒಂದೇ ಥರ ಮರುಕಳಿಸೋದಿಲ್ಲ. ಎಂಪಿ3 ಮಾಡೋ ಕೆಲಸವೇ ಬೇರೆ, ಜೋರು ಸದ್ದಿನ ಪಕ್ಕ ಇರೋ ಸಣ್ಣ ಸದ್ದು ನಮ್ಮ ಕಿವಿಗೆ ಹೇಗೂ ಬೀಳಲ್ಲ, ಅಂಥದ್ದನ್ನ ಹುಡುಕಿ ಕೈಬಿಡ್ತದೆ. ಅದರ ಸೈಜು ನಿಂತಿರೋದು ಎರಡರ ಮೇಲೆ ಮಾತ್ರ: ಹಾಡು ಎಷ್ಟು ಹೊತ್ತು, ಬಿಟ್‌ರೇಟ್ (ಅಂದ್ರೆ ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಬಿಟ್ ಅನ್ನೋ ಲೆಕ್ಕ) ಎಷ್ಟು. 128 ಕೆಬಿಪಿಎಸ್, ಅಂದ್ರೆ ಸೆಕೆಂಡಿಗೆ 128 ಕಿಲೋಬಿಟ್ ಇಟ್ರೆ ನಿಮಿಷಕ್ಕೆ ಹತ್ರ ಹತ್ರ 1 ಎಂಬಿ, 64 ಇಟ್ರೆ ಅದರ ಅರ್ಧ.

ಎಲ್ಲರೂ ಬಿಟ್‌ರೇಟಿಗೇ ಮೊದಲು ಕೈ ಹಾಕ್ತಾರೆ, ನಾನು ಹೇಳೋದು ಮೊದಲು ಹೊತ್ತು ಲೆಕ್ಕ ಹಾಕಿ ಅಂತ. 24 ಫೋಟೋ, ಒಂದೊಂದು 6 ಸೆಕೆಂಡ್ ನಿಂತ್ರೂ ಒಟ್ಟು 144 ಸೆಕೆಂಡ್, ಅಂದ್ರೆ ಎರಡೂವರೆ ನಿಮಿಷಾನೂ ಇಲ್ಲ. ಮತ್ತೆ 6 ನಿಮಿಷದ ಹಾಡು ಯಾಕೆ ಕಳಿಸ್ಬೇಕು? ಅಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ತೆರೆದು ಹಾಡನ್ನ ಒಂದು ನುಡಿ ಮುಗಿಯೋ ಕಡೆ ಕತ್ತರಿಸಿ, ಕೊನೇ ನಾಲ್ಕೈದು ಸೆಕೆಂಡಿಗೆ ಸದ್ದು ಮೆಲ್ಲಗೆ ಇಳಿದು ನಿಲ್ಲೋ ಹಾಗೆ ಫೇಡ್ ಔಟ್ ಕೊಡಿ. ದಯವಿಟ್ಟು ನುಡಿ ಮಧ್ಯ ಕಡೀಬೇಡಿ, ಅಕ್ಕನೂ ಆ ಹಾಡು ಕೇಳ್ಕೊಂಡೇ ಬೆಳೆದಿರ್ತಾರೆ, ಮುಂದಿನ ಸಾಲಿಗೆ ಕಿವಿ ಕಾದಿರ್ತದೆ.

ಆಮೇಲೆ ಮೋನೋ ಮಾಡಿ, ಅಂದ್ರೆ ಎರಡು ಚಾನೆಲ್ ಬದಲು ಒಂದೇ ಇಡಿ. ಮದುವೆ ಮನೇಲಿ ಟೇಪ್‌ರೆಕಾರ್ಡರಿನ ಒಂದೇ ಮೈಕಲ್ಲಿ ಹಿಡಿದ ಹಾಡಾದ್ರೆ ಎಡ ಬಲ ಎರಡರಲ್ಲೂ ಇರೋದು ಅದೇ ದನಿ, ಒಂದು ಬಿಟ್ರೆ ಏನೂ ನಷ್ಟ ಇಲ್ಲ. ಒಬ್ಬರೇ ಹೇಳಿದ ಹಾಡಿಗೆ ಮೋನೋದಲ್ಲಿ 64 ಕೆಬಿಪಿಎಸ್ ಸಾಕು, ಎರಡೂವರೆ ನಿಮಿಷದ್ದು 1.2 ಎಂಬಿ ಆಗ್ತದೆ, 60 ಎಲ್ಲಿ 1.2 ಎಲ್ಲಿ! ಕ್ಯಾಸೆಟ್ಟಿನ ಸುಯ್ ಅನ್ನೋ ಸದ್ದು ಜಾಸ್ತಿ ಇದ್ರೆ ಎಂಪಿ3 ಮಾಡೋ ಮೊದಲೇ ನಾಯ್ಸ್ ರಿಡಕ್ಷನ್ ಸ್ವಲ್ಪ ಕೊಡಿ, ಇಲ್ಲಾಂದ್ರೆ ಇರೋ ಬಿಟ್ಟನ್ನೆಲ್ಲ ಆ ಸುಯ್ಯೇ ತಿಂದು ಹಾಕ್ತದೆ. ಸ್ವಲ್ಪ ಅಂದೆ, ಜಾಸ್ತಿ ಕೊಟ್ರೆ ಅಜ್ಜಿ ಕೊಳವೆಯೊಳಗೆ ನಿಂತು ಹೇಳಿದ ಹಾಗೆ ಕೇಳ್ತದೆ.

ಪವರ್‌ಪಾಯಿಂಟಲ್ಲಿ ಹಳೇ ವೇವ್ ತೆಗೆದುಹಾಕಿ ಈ ಎಂಪಿ3 ಸೇರಿಸಿ. ನಿಮ್ಮದು 2010 ಅಥವಾ ಆಮೇಲಿನದಾದ್ರೆ ಹಾಡು ಸ್ಲೈಡ್ ಶೋ ಒಳಗೇ ಕೂರ್ತದೆ. 2007 ಆದ್ರೆ ಎಂಪಿ3 ಒಳಗೆ ಬರಲ್ಲ, ಅದು ಎಲ್ಲಿದೆ ಅನ್ನೋ ದಾರಿ ಮಾತ್ರ ಬರ್ಕೊಂಡಿರ್ತದೆ, ಹಾಗಾಗಿ ಮೊದಲೇ ಎರಡನ್ನೂ ಒಂದೇ ಫೋಲ್ಡರಲ್ಲಿಟ್ಟು ಹಾಡು ಸೇರಿಸಿ, ಎರಡನ್ನೂ ಒಟ್ಟಿಗೆ ಕಳಿಸಿ, ಇಲ್ಲಾಂದ್ರೆ ಅಕ್ಕಂಗೆ ಫೋಟೋ ಕಾಣ್ತದೆ, ಹಾಡು ಕೇಳಲ್ಲ.

ಇಷ್ಟಾದ್ಮೇಲೂ ಮೇಲ್ ಹೋಗ್ಲಿಲ್ಲ ಅಂದ್ರೆ ಫೋಟೋ ನೋಡಿ. ಮೊಬೈಲ್ ಫೋಟೋ ಒಂದು 4 ಎಂಬಿ ಇದ್ರೂ 24ಕ್ಕೆ 96 ಎಂಬಿ ಆಯ್ತು, ಸ್ಲೈಡಿಗೆ ಹಾಕೋ ಮೊದ್ಲೇ ಅಗಲ 1280 ಪಿಕ್ಸೆಲ್‌ಗೆ ಇಳಿಸಿ. ಜಿಮೇಲಲ್ಲಿ ಮಿತಿ 25 ಎಂಬಿ, ಆದ್ರೆ ಮೇಲ್ ಅಂಟಿಸಿದ ಫೈಲನ್ನ ಅಕ್ಷರ ಮಾಡಿ ಕಳಿಸ್ತದೆ, ಮೂರು ಬೈಟ್ ನಾಲ್ಕಾಗ್ತದೆ, ಹಾಗಾಗಿ ಎಲ್ಲ ಸೇರಿ 18ರ ಒಳಗಿರ್ಲಿ. ನಿಜಕ್ಕೂ 10ರ ಒಳಗಿದ್ರೇ ಒಳ್ಳೇದು, ಮಳೆಗಾಲದಲ್ಲಿ ಘಟ್ಟದ ಕಡೆ ನೆಟ್‌ವರ್ಕ್ ಎಷ್ಟು ಹೊತ್ತು ನಿಲ್ತದೆ ಅಂತ ನಿಮಗೇ ಗೊತ್ತು.

ಪ್ರಶ್ನೆ: ನಮ್ಮೂರ ಯಕ್ಷಗಾನದ ಫೋಟೋಗಳಿಗೆ ಅದೇ ಆಟದ ಭಾಗವತಿಕೆ ಹಾಕಿ 64 ಕೆಬಿಪಿಎಸ್ ಎಂಪಿ3 ಮಾಡಿದ್ದೆ. ಚಂಡೆ, ತಾಳ ಎಲ್ಲ ನೀರಿನೊಳಗಿಂದ ಬಂದ ಹಾಗೆ ಕೇಳ್ತದೆ. ಈಗ ಅದನ್ನೇ 128 ಮಾಡಿದ್ರೆ ಸರಿಯಾಗ್ತದಾ? — ಸಾಗರದ ಓದುಗರು

ಉತ್ತರ: ಇಲ್ಲ, ಸೈಜು ಡಬಲ್ ಆಗ್ತದೆ ಅಷ್ಟೆ, ಬಿಟ್ಟುಹೋದ ಸದ್ದು ವಾಪಸ್ ಬರಲ್ಲ. ಮೂಲ ರೆಕಾರ್ಡಿಂಗ್ ಹುಡುಕಿ ಅದರಿಂದಲೇ ಹೊಸದಾಗಿ ಮಾಡ್ಬೇಕು. ಚಂಡೆ ಪೆಟ್ಟು ಥಟ್ಟಂತ ಬೀಳೋ ಸದ್ದು, ತಾಳದ್ದು ಮೇಲಿನ ಸ್ವರದ ಸದ್ದು, ಕಡಿಮೆ ಬಿಟ್‌ರೇಟಲ್ಲಿ ಎಂಪಿ3 ಸೋಲೋದೇ ಈ ಎರಡರ ಹತ್ರ. ಒಂಟಿ ದನಿಗೆ 64 ಸಾಕು ಅಂತ ಮೇಲೆ ಹೇಳಿದ್ದು ಇದಕ್ಕೆ ನಡಿಯಲ್ಲ. 128 ಇಡಿ, ಜಾಗ ಇದ್ರೆ 160. ಹಾಗೆ ಮಾಡಿದಾಗ ಸೈಜು ಜಾಸ್ತಿ ಆದ್ರೆ ಬಿಟ್‌ರೇಟ್ ಇಳಿಸ್ಬೇಡಿ, ಹಾಡು ಕಮ್ಮಿ ಮಾಡಿ: ಒಂದೇ ಪದ್ಯ, ಅದರ ಏರುಪದ್ಯದ ಚಂಡೆ, ಅಲ್ಲಿಗೆ ನಿಲ್ಸಿ. ಮೂಲ ನಿಮ್ಮ ಹತ್ರ ಇಲ್ದಿದ್ರೆ ಅವತ್ತು ಆಟದಲ್ಲಿ ರೆಕಾರ್ಡ್ ಮಾಡಿದವರನ್ನ ಕೇಳಿ, ಪೆನ್‌ಡ್ರೈವಲ್ಲೇ ಇಸ್ಕೊಳ್ಳಿ, ವಾಟ್ಸಾಪಲ್ಲಿ ವಿಡಿಯೋ ಆಗಿ ಬಂದ್ರೆ ಅದು ಇನ್ನೊಂದ್ಸಲ ಕುಗ್ಗಿರ್ತದೆ.